ನೀರಿನ ಕೆಳಗೊಂದು ಗೆರೆ

ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದೆ. ಕೈಗೆ ಒಂದು ಪೆನ್ಸಿಲ್ ತುಂಡು ಸಿಕ್ಕಿತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ, ನೀವೂ ನೋಡಿರುತ್ತೀರಿ. ಹೆಬ್ಬೆರಳಿಗಿಂತ ಚಿಕ್ಕದಾಗಿತ್ತು. ನೀಲಿಯ ಕಡೆ ಹೆಚ್ಚು ಸವೆದಿತ್ತು. ರವಿಕೆಯ ತೋಳು ಸೂಜಿಯ ಕೆಳಗೆ ಹಾಗೇ ಉಳಿಯಿತು, ನಾನು ಮಾತ್ರ ಎಲ್ಲಿಗೋ ಹೋಗಿಬಿಟ್ಟೆ. ಹಾಗೆ ಹೋಗುವುದು ನನಗೆ ಹೊಸದಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಗೆರೆಗಳಿಗೆ ಒಂದು ಕಾನೂನು ಇತ್ತು. ಪದದ ಕೆಳಗೆ ಕೆಂಪು ಗೆರೆ ಬಿದ್ದರೆ ಅದು ತಪ್ಪು. ನೀಲಿ ಗೆರೆ ಬಿದ್ದರೆ ಅದು ಬಾಯಿಪಾಠ. ಪುಸ್ತಕವನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಬೆರಳಿಟ್ಟು ಓದಬೇಕು. ಒಂದು ಪುಟ ಪೂರ್ತಿ ಮುಗಿಯದೆ ಮುಂದಿನದನ್ನು ಮುಟ್ಟಬಾರದು. ಮುಂದೆ ಏನಾಗುತ್ತದೆ ಎಂದು ಹಾಳೆಯ ಮೂಲೆ ಎತ್ತಿ ಇಣುಕಿ ನೋಡಿದರೆ ಸಿಸ್ಟರ್ ಅದನ್ನು ಕಳ್ಳತನದ ಸಾಲಿಗೆ ಸೇರಿಸುತ್ತಿದ್ದರು. ಒಮ್ಮೆ ಹಸುವಿನ ಮೇಲೆ ಪ್ರಬಂಧ ಬರೆಯಲು ಹೇಳಿದರು. ನಾನು ಹಸುವಿನಿಂದ ಶುರುಮಾಡಿದೆ. ಹಸುವಿನಿಂದ ನಮ್ಮ ಮನೆಗೆ ಬರುವ ಹಾಲಿನವನಿಗೆ, ಹಾಲಿನವನಿಂದ ಅವನ ಸೈಕಲ್ಲಿಗೆ, ಸೈಕಲ್ಲಿನಿಂದ ಅದರ ಹಿಂದಿನ ಚಕ್ರಕ್ಕೆ ಸಿಕ್ಕಿ ಹರಿದ ನನ್ನ ಹಸಿರು ಲಂಗಕ್ಕೆ ಬಂದು ನಿಂತೆ. ಸಿಸ್ಟರ್ ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ ಬರೆದರು: ಹಸುವನ್ನು ಬಿಟ್ಟು ಹೋಗಬೇಡ.

ಅಂದಿನಿಂದ ಹಸುವನ್ನು ಬಿಡದೆ ಬದುಕುವ ಪ್ರಯತ್ನ ಮಾಡುತ್ತಲೇ ಬಂದಿದ್ದೇನೆ. ಹೀಗಿರುವಾಗ ನಮ್ಮ ಮನೆಯ ಹುಡುಗಿಯೊಬ್ಬಳು, ಹಸುವನ್ನು ಬಿಟ್ಟು ಹೋಗುವುದನ್ನೇ ಒಂದು ವಿದ್ಯೆಯಾಗಿ ಕಲಿತು ಅದಕ್ಕೆ ಪದವಿಯನ್ನೂ ತೆಗೆದುಕೊಳ್ಳುತ್ತಾಳೆ ಎಂದರೆ ನನಗೆ ಹೇಗಾಗಿರಬೇಡ?

ಆ ಹುಡುಗಿ ವಸುಧಾ, ನನ್ನ ನಾದಿನಿಯ ಮಗಳು. ಊರ ಕನ್ನಡದಲ್ಲಿ ನಾನು ಅವಳಿಗೆ ಅತ್ತೆ. ಆದರೆ ಅವಳು ಹುಟ್ಟಿ ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಆದ್ದರಿಂದ ಅವಳ ಬಾಯಲ್ಲಿ ನಾನು ಮಾಮಿ. ಅವಳಪ್ಪನಿಗೆ ಗುಂತಕಲ್ಲಿಗೆ ವರ್ಗವಾದಾಗ, ಕಂಪ್ಯೂಟರ್ ಓದಿನ ಕೊನೆಯ ವರ್ಷಕ್ಕೆಂದು ಟಿ. ನಗರದ ನಮ್ಮ ಮನೆಗೆ ಬಂದಳು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಂಪ್ಯೂಟರ್ ಎಂದರೆ ರೈಲಿನ ಟಿಕೆಟ್ ಕೊಡುವ ಕಡೆ ಗಾಜಿನಾಚೆ ಕಂಡದ್ದಷ್ಟೇ ನನಗೆ ಗೊತ್ತು.

ಒಂದು ದಿನ ಊಟದ ಹೊತ್ತಿಗೆ ತನ್ನ ಪ್ರಾಜೆಕ್ಟ್ ಹೈಪರ್‌ಟೆಕ್ಸ್ಟ್ ಮೇಲೆ ಎಂದಳು. ನಮ್ಮ ಮನೆಯವರು ವಿಮಾ ಕಚೇರಿಯವರು. ಹೈಪರ್ ಎಂದರೆ ಅವರಿಗೆ ರಕ್ತದೊತ್ತಡ ಒಂದೇ ಗೊತ್ತು. "ಉಪ್ಪು ಕಡಿಮೆ ಹಾಕು ಇವಳಿಗೆ" ಎಂದು ನನಗೆ ಹೇಳಿ ಮಜ್ಜಿಗೆ ಬಡಿಸಿಕೊಂಡರು.

"ಪುಸ್ತಕ ಅಂದ್ಕೊಳ್ಳಿ ಮಾಮಿ" ಎಂದು ವಸುಧಾ ನನ್ನ ಕಡೆ ತಿರುಗಿದಳು. "ಆದ್ರೆ ಕಂಪ್ಯೂಟರ್ ಒಳಗಿರೋ ಪುಸ್ತಕ. ಚಿತ್ರಾನೂ ಇರತ್ತೆ, ಸೌಂಡೂ ಇರತ್ತೆ. ಆಗ ಅದನ್ನ ಹೈಪರ್‌ಮೀಡಿಯಾ ಅಂತಾರೆ."

"ಎಷ್ಟು ಪುಟ?"

"ಪುಟದ ನಂಬರೇ ಇಲ್ಲ."

"ಮೊದಲನೇ ಪಾಠ ಯಾವುದು?"

"ನೀವು ಯಾವುದು ಒತ್ತುತ್ತೀರೋ ಅದು."

"ಮುಗಿಯೋದು ಎಲ್ಲಿ?"

"ನಿಮಗೆ ಸಾಕು ಅನ್ನಿಸಿದಲ್ಲಿ."

ನನಗೆ ಕಸಿವಿಸಿಯಾಯಿತು. ಮೊದಲಿಲ್ಲ, ಕೊನೆಯಿಲ್ಲ, ಪುಟಕ್ಕೆ ನಂಬರಿಲ್ಲ. ಅಂಥ ಪುಸ್ತಕ ದಾರ ಕಿತ್ತುಹೋಗಿ ಗಾಳಿಗೆ ಚೆಲ್ಲಾಪಿಲ್ಲಿಯಾದ ಪುಸ್ತಕವೇ ಅಲ್ಲವೇ ಎಂದು ಕೇಳಬೇಕೆನಿಸಿತು. ಹುಡುಗಿಯ ಮುಖ ನೋಡಿ ಕೇಳಲಿಲ್ಲ.

ಅವಳು ಮಾಡುತ್ತಿದ್ದದ್ದು ಪೋರೂರಿನ ಕಡೆಯ ಒಂದು ಆಸ್ಪತ್ರೆಗಾಗಿ. ಅಲ್ಲಿ ಮಕ್ಕಳ ವಿಭಾಗದ ಹೊರಗೆ ತಾಯಂದಿರು ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲೊಂದು ಕಂಪ್ಯೂಟರ್ ಇಟ್ಟು, ಮಗುವಿಗೆ ಭೇದಿಯಾದರೆ ಏನು ಕೊಡಬೇಕು, ಯಾವಾಗ ಓಡಿ ಬರಬೇಕು ಎಂಬುದನ್ನು ತಮಿಳಿನಲ್ಲಿ, ಚಿತ್ರದ ಜೊತೆ ತೋರಿಸುವುದು. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಒಪ್ಪಿದ್ದರು. ಆದರೆ ಒಂದು ಷರತ್ತು ಹಾಕಿದ್ದರು. ಒಂದು ದಿನ ತಾಯಂದಿರು ಕಾಯುವ ಹಾಲ್‌ನಲ್ಲಿ ಇಟ್ಟು ನೋಡುವುದು. ತಾಯಂದಿರಿಗೆ ಉಪಯೋಗವಾದರೆ ಮಿಷಿನ್ ಅಲ್ಲೇ ಇರುತ್ತದೆ, ಅದನ್ನು ನೋಡಿಕೊಳ್ಳುವ ಕೆಲಸ ವಸುಧಾಳಿಗೆ. ಇಲ್ಲದಿದ್ದರೆ ಮಿಷಿನ್ ಬಿಲ್ ಹಾಕುವ ಕೋಣೆಗೆ, ವಸುಧಾ ಗುಂತಕಲ್ಲಿಗೆ.

"ಗುಂತಕಲ್ಲಲ್ಲಿ ಕಂಪ್ಯೂಟರ್ ಎಲ್ಲಿದೆ ಮಾಮಿ?" ಎಂದಳು. ತಮಾಷೆ ಮಾಡುವ ಹಾಗೆ ಕೇಳಿದಳು, ಆದರೆ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಸುಮ್ಮನೆ ಅಂಚಿಗೆ ತಳ್ಳುತ್ತಿದ್ದಳು.

ಚಿತ್ರಗಳನ್ನು ನಾನೇ ಬರೆದುಕೊಟ್ಟೆ. ರಂಗೋಲಿಯ ಕೈ ಎಂದು ಹೊಗಳಿ ಒಪ್ಪಿಸಿದಳು. ಲೋಟ, ಪಾತ್ರೆ, ಟೀ ಚಮಚ. ಚಮಚದ ತುಂಬ ಸಕ್ಕರೆ ಬರೆದಾಗ ಅವಳು ತಲೆ ಅಲ್ಲಾಡಿಸಿದಳು. ನಾನು ಬರೆದ ಸಕ್ಕರೆ ಗೋಪುರದ ಹಾಗೆ ಎದ್ದುನಿಂತಿತ್ತು. ಡಾಕ್ಟರಮ್ಮ ಹೇಳಿದ ಚಮಚ ತಲೆ ತಟ್ಟಿದ್ದು, ಮಟ್ಟಸವಾದದ್ದು. ಅಡುಗೆಮನೆಯಲ್ಲಿ ಇಷ್ಟು ವರ್ಷ ಕಳೆದರೂ ಸಕ್ಕರೆಯನ್ನು ಮಟ್ಟಸ ಮಾಡಿ ಹಾಕಿದ ನೆನಪು ನನಗಿಲ್ಲ. ಅದು ಜಿಪುಣತನದ ಹಾಗೆ ಕಾಣುತ್ತದೆ. ಎರಡನೆಯ ಸಲ ಬರೆದಾಗಲೂ ಕೈ ತಾನಾಗಿಯೇ ಒಂದು ಸಣ್ಣ ಗುಡ್ಡ ಎತ್ತಿತು. ಮೂರನೆಯದು ಸರಿಯಾಯಿತು.

ಆಮೇಲೆ ಇನ್ನೊಂದು ಬೇಡಿಕೆ ಬಂತು. "ಯಾರಾದ್ರೂ ಓದಿ ನೋಡ್ಬೇಕು ಮಾಮಿ. ಕಂಪ್ಯೂಟರ್ ಗೊತ್ತಿರೋರು ಬೇಡ. ಏನೂ ಗೊತ್ತಿಲ್ಲದೋರು ಬೇಕು. ನೀವೇ ಬನ್ನಿ." ಇಷ್ಟು ಗೌರವದಿಂದ ಯಾರೂ ನನ್ನನ್ನು ಹೀಗೆ ಕರೆದಿರಲಿಲ್ಲ. ಕಾಂಚೀಪುರದ ಸೀರೆ ಉಟ್ಟುಕೊಂಡು ಹೋದೆ.

ಅವಳ ಕಾಲೇಜಿನ ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಒಳಗೆ ಎ.ಸಿ.ಯ ಚಳಿ, ಹೊರಗೆ ಮದರಾಸಿನ ಮೇ ತಿಂಗಳು. ಸೆರಗು ಹೊದ್ದು ಕುಳಿತೆ. ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟು, ಇದನ್ನು ಸರಿಸಿದರೆ ಪರದೆಯ ಮೇಲೆ ಬಾಣ ಸರಿಯುತ್ತದೆ ಎಂದಳು. ಇಸ್ತ್ರಿಪೆಟ್ಟಿಗೆಯ ಹಾಗೆ ಸರಿಸುತ್ತ ಹೋದೆ. ಬಾಣ ಪರದೆಯ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಮೇಜು ಮುಗಿಯಿತು.

"ಇನ್ನೂ ಸ್ವಲ್ಪ ದೊಡ್ಡ ಮೇಜು ಇದೆಯಾ?" ಎಂದೆ.

"ಎತ್ತಿ ಮತ್ತೆ ನಡುವೆ ಇಟ್ಕೊಳ್ಳಿ ಮಾಮಿ, ಪರವಾಗಿಲ್ಲ" ಎಂದಳು ವಸುಧಾ. ನಗಲಿಲ್ಲ, ಒಳ್ಳೆಯ ಹುಡುಗಿ.

ಪರದೆಯ ಮೇಲೆ ನಾನು ಬರೆದ ಲೋಟ ಇತ್ತು. ಅದನ್ನು ಅಲ್ಲಿ ನೋಡಿ, ಜಾತ್ರೆಯಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಪಕ್ಕದಲ್ಲಿ ಏಳೆಂಟು ಸಾಲು ತಮಿಳು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ತಮಿಳು ನನ್ನದು, ನಿಧಾನವಾದರೂ ತಪ್ಪುವುದಿಲ್ಲ. ಕೆಲವು ಪದಗಳ ಕೆಳಗೆ ಗೆರೆ ಎಳೆದಿತ್ತು. ವಸುಧಾ ಹಿಂದೆ ನಿಂತು ಹೇಳಿದಳು: "ನಿಮ್ಮ ಮಗೂಗೆ ಬೆಳಗ್ಗೆಯಿಂದ ಭೇದಿ ಅಂದ್ಕೊಳ್ಳಿ. ಏನು ಕೊಡಬೇಕು ಅಂತ ಹುಡುಕಿ. ನಾನು ಒಂದು ಮಾತೂ ಹೇಳಲ್ಲ."

ಮೇಲಿಂದ ಕೆಳಗೆ ಓದಿದೆ. ಮತ್ತೆ ಓದಿದೆ. ಗೆರೆ ಎಳೆದ ಪದಗಳನ್ನು ಕಣ್ಣು ಮುಚ್ಚಿ ಹೇಳಿಕೊಂಡೆ. ನೀರು, ಉಪ್ಪು ಸಕ್ಕರೆ ದ್ರಾವಣ, ತಾಯಿಹಾಲು, ಜ್ವರ, ಅಪಾಯದ ಚಿಹ್ನೆ. ಆಮೇಲೆ ಕೈಕಟ್ಟಿ ಕುಳಿತೆ. ಆ ಕೋಣೆಯ ಎ.ಸಿ. ಗುಂಯ್ ಎನ್ನುತ್ತಿತ್ತು. ಬಹಳ ಹೊತ್ತಾದ ಮೇಲೆ ವಸುಧಾಗೆ ತಡೆಯಲಾಗಲಿಲ್ಲ.

"ಏನು ಮಾಮಿ, ಸುಮ್ಮನೆ ಕೂತಿದೀರಿ?"

"ಆಯ್ತಲ್ಲ, ಬಾಯಿಪಾಠ ಬಂತು. ಒಪ್ಪಿಸಲಾ?"

ಪಾಪ, ಅವಳ ಗೆರೆಗಳ ಕೆಳಗೆ ಬಾಗಿಲುಗಳಿದ್ದವು. ನನ್ನ ಗೆರೆಗಳ ಕೆಳಗೆ ಸಿಸ್ಟರ್ ಇದ್ದರು. ಗೆರೆ ಎಳೆದದ್ದನ್ನು ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆ ಎಂದು ಅವಳೇ ಕೊನೆಗೆ ಹೇಳಬೇಕಾಯಿತು.

ಒತ್ತಿದೆ. ಯಾವುದನ್ನು ಒತ್ತಿದೆ ಎಂದು ಮದರಾಸಿನವರಿಗೆ ಹೇಳಬೇಕಾಗಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಪಂಪು ಹೊಡೆದು ಹೊಡೆದು ನನ್ನ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ತಣ್ಣಿ ಲಾರಿ, ಅಂದರೆ ನೀರಿನ ಲಾರಿ, ಮೂಲೆ ತಿರುಗುವ ಸದ್ದಿಗೆ ಒಲೆಯ ಮೇಲಿನ ಒಗ್ಗರಣೆಯನ್ನೂ ಬಿಟ್ಟು, ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದವರು ನಾವು. ಎಲ್ಲಿ ನೀರು ಎಂದು ಬರೆದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನೀರನ್ನು ಒತ್ತಿದೆ. ನೀರನ್ನು ಕಾಯಿಸಿ ಆರಿಸುವ ಪುಟ ಬಂತು. ಅಲ್ಲಿ 'ಶೇಖರಿಸುವುದು' ಎಂಬುದಕ್ಕೆ ಗೆರೆ ಇತ್ತು. ಅದೂ ನನಗೆ ಬೇಕಾದದ್ದೇ. ಅಲ್ಲಿ ತೊಟ್ಟಿ. ತೊಟ್ಟಿಯಿಂದ ಸೊಳ್ಳೆ. ಸೊಳ್ಳೆಯಿಂದ ಮಲೇರಿಯ. ಮಲೇರಿಯದಿಂದ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವ ವಿಧಾನ. ಎಷ್ಟು ಚೆನ್ನಾಗಿ ವಿವರಿಸಿದ್ದಳು. ನಾನು ನಾಲ್ಕು ಮೂಲೆಯನ್ನೂ ಸಿಕ್ಕಿಸಿ ಮುಗಿಸುವ ಹೊತ್ತಿಗೆ ಥಟ್ಟನೆ ಹಿಂದಕ್ಕೆ ತಿರುಗಿದೆ.

"ವಸುಧಾ, ಆ ಮಗು?"

"ಯಾವ ಮಗು?"

"ಭೇದಿಯಾಗ್ತಿರೋ ಮಗು ಕಣೆ. ಅದನ್ನ ಎಲ್ಲಿ ಬಿಟ್ಟು ಬಂದೆ ನಾನು?"

ಇಲ್ಲದ ಮಗು ಅದು, ನನಗೆ ಗೊತ್ತು. ಆದರೂ ಬಾಯಾರಿದ ಒಂದು ಕೂಸನ್ನು ಎಲ್ಲೋ ಹಿಂದಿನ ಕೋಣೆಯಲ್ಲಿ ಮಲಗಿಸಿ, ಬಾಗಿಲ ಮೇಲೆ ಬಾಗಿಲು ದಾಟಿ ಬಂದು, ಈಗ ಯಾವ ಬಾಗಿಲು ಎಂದು ತಿಳಿಯದೆ ನಿಂತ ಹಾಗಾಯಿತು. ಹಿಂದಕ್ಕೆ ಹೋಗಲು ಏನೇನೋ ಒತ್ತಿದೆ. ಚುಚ್ಚುಮದ್ದಿನ ಪುಟ ಬಂತು, ಟಣ್ ಎಂದು ಸದ್ದೂ ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದು ಎ.ಸಿ.ಯ ಗಾಳಿಗೆ ಎಂದೆ.

ಆಮೇಲೆ ಅವಳು ಕಾಲೇಜಿನ ಕಸ ಗುಡಿಸುವಾಕೆಯನ್ನು, ಎದುರುಮನೆಯ ಮಾಮಿಯನ್ನು ಕೂರಿಸಿ ನೋಡಿದಳಂತೆ. ಅವರೂ ಮೊದಲು ಒತ್ತಿದ್ದು ನೀರನ್ನೇ. ಅವರೂ ಬೇರೆ ಬೇರೆ ಕಡೆ ಕಳೆದುಹೋದರು.

ಅಂದು ಸಂಜೆ ವಸುಧಾ ಕಾಫಿಯನ್ನೂ ಕುಡಿಯದೆ ಕುಳಿತಿದ್ದಳು. ನನ್ನ ಅತ್ತೆ ಹೂಬತ್ತಿ ಹೊಸೆಯುತ್ತ ಒಂದು ಕಥೆ ಹೇಳುತ್ತಿದ್ದರು. ಅತ್ತೆಯ ಕಥೆಯ ರೀತಿಯನ್ನು ನಿಮಗೆ ಹೇಳಬೇಕು. ಕೊತ್ತವಾಲ್ ಚಾವಡಿಯ ಮಾರ್ಕೆಟ್ಟಿನಲ್ಲಿ ಕುಂಬಳಕಾಯಿ ಕೊಳ್ಳುವಲ್ಲಿಂದ ಶುರುವಾಗುತ್ತದೆ. ಕುಂಬಳಕಾಯಿಯಿಂದ ಯಾರದೋ ಶ್ರಾದ್ಧಕ್ಕೆ, ಶ್ರಾದ್ಧದಿಂದ ಆ ಮನೆಯ ಎರಡನೇ ಸೊಸೆಯ ಮೂಗುಬೊಟ್ಟಿಗೆ, ಅಲ್ಲಿಂದ ಬಳ್ಳಾರಿಗೆ. ಇದ್ದಕ್ಕಿದ್ದ ಹಾಗೆ ಬತ್ತಿ ಹೊಸೆಯುವ ಕೈ ನಿಲ್ಲುತ್ತದೆ.

"ಎಲ್ಲಿದ್ದೆ ನಾನು?"

"ಕುಂಬಳಕಾಯಿ ಹತ್ರ" ಎಂದರು ನಮ್ಮವರು, ಪೇಪರಿನ ಹಿಂದಿನಿಂದ.

"ಹಾಂ. ಅವನು ಹೇಳ್ದ, ಅಮ್ಮಾ ಇದು ಆಂಧ್ರದ ಕಾಯಿ ಅಂತ" ಎಂದು ಅತ್ತೆ ಮುಂದುವರಿಸಿದರು.

ನಮ್ಮ ಮನೆಯಲ್ಲಿ ಇದೊಂದು ಪದ್ಧತಿ. ಅತ್ತೆ ಎಷ್ಟು ದೂರ ಬೇಕಾದರೂ ಹೋಗಬಹುದು. ಕೇಳುವವರಲ್ಲಿ ಒಬ್ಬರು ಹೊರಟ ಜಾಗವನ್ನು ಹಿಡಿದುಕೊಂಡಿರಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಹಿಡಿದುಕೊಳ್ಳದೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. "ಕಾನ್ವೆಂಟಲ್ಲಿ ಕೇಳಿಸ್ಕೊಳ್ಳೋದು ಕಲಿಸಲ್ವೇನೇ ವತ್ಸಲಾ?" ಎಂದಿದ್ದರು.

ವಸುಧಾ ಅಜ್ಜಿಯನ್ನೇ ನೋಡುತ್ತಿದ್ದಳು. "ಅಜ್ಜಿ, ಯಾರೂ ಇಲ್ಲದಾಗ ನೀವು ಹೇಗೆ ಹೇಳ್ತೀರಿ?"

"ಯಾರೂ ಇಲ್ಲದಾಗ ಯಾರಿಗೆ ಹೇಳ್ಲೇ? ಹುಚ್ಚೀನಾ ನಾನು?"

"ಅದೇ" ಎಂದಳು ವಸುಧಾ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. "ಮಾಮಿ, ಆ ಮಗೂನ ಬರೆದುಕೊಡಿ."

ಏನು ಹೊಳೆಯಿತೋ ಆಗ ನನಗೆ ತಿಳಿಯಲಿಲ್ಲ. ಮಗುವನ್ನು ಬರೆದುಕೊಟ್ಟೆ. ನನ್ನ ಕೈಯಲ್ಲಿ ಅದು ಸ್ವಲ್ಪ ಪೊಲೀಸ್ ಕಾನ್‌ಸ್ಟೇಬಲ್ಲನ ಹಾಗೆ ಬಂತು, ಆದರೂ ಪರವಾಗಿಲ್ಲ ಎಂದಳು. ಅದನ್ನು ಪ್ರತಿ ಪುಟದ ಕೆಳಮೂಲೆಯಲ್ಲಿ ಇಟ್ಟಳು. ಎಲ್ಲಿಗೆ ಹೋಗಿದ್ದರೂ ಮಗುವನ್ನು ಒತ್ತಿದರೆ ಮಗುವಿನ ಹತ್ತಿರ, ಹೊರಟ ಜಾಗಕ್ಕೇ ವಾಪಸು. ಇನ್ನೊಂದು ಕೆಲಸವನ್ನೂ ಮಾಡಿದಳು. ನೀರು ಎಂಬುದರ ಕೆಳಗಿನ ಗೆರೆ ತೆಗೆದುಬಿಡು ಎಂದು ಅವಳ ಮೇಷ್ಟರು ಹೇಳಿದರಂತೆ. ಇವಳು ಒಪ್ಪಲಿಲ್ಲ. ಎಲ್ಲರೂ ಹೋಗುವುದು ಅಲ್ಲಿಗೇ ಆದರೆ ಮದ್ದನ್ನೂ ಅಲ್ಲಿಯೇ ಇಡುತ್ತೇನೆ ಎಂದು, ನೀರಿನ ಪುಟ ತೆರೆದರೆ ಮೊದಲು ಕಾಣುವುದು ನನ್ನ ಮಟ್ಟಸವಾದ ಚಮಚ ಎಂಬ ಹಾಗೆ ಮಾಡಿದಳು. ಇದೆಲ್ಲ ಅವಳು ಹೇಳಿದ್ದು. ಒಂದು ಪುಟ ಒಂದೇ ಹೊತ್ತಿಗೆ ಎರಡು ಕಡೆ ಇರುವುದು ಹೇಗೆ ಎಂದು ಕೇಳಿದೆ. ಅವಳು ಹೇಳಿದ ಉತ್ತರ ಕೇಳುವಾಗ ಅರ್ಥವಾಗಿತ್ತು, ಒಗ್ಗರಣೆ ಹಾಕುವಾಗ ಹಾರಿಹೋಯಿತು.

ಪರೀಕ್ಷೆಯ ದಿನ ನಾನೂ ಪೋರೂರಿಗೆ ಹೋದೆ. ಕಾಯುವ ಹಾಲ್‌ನ ಗೋಡೆಗೆ ಒಂದು ಮೇಜು, ಮೇಜಿನ ಮೇಲೆ ಮಿಷಿನ್, ಎದುರಿಗೆ ಒಂದೇ ಒಂದು ಕುರ್ಚಿ. ಡಾಕ್ಟರಮ್ಮ ಬೆಳ್ಳಿಕೂದಲಿನ, ಎತ್ತರದ ಹೆಂಗಸು. ಬಾಗಿಲ ಹತ್ತಿರ ನಿಂತರು. ನಾನು ಮತ್ತು ವಸುಧಾ ಕಂಬದ ಹಿಂದೆ.

ಮೊದಲು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಮೂವರು ಹೆಂಗಸರು ಒಟ್ಟಿಗೆ ಬಂದರು. ಸೊಂಟದ ಮೇಲೆ ಸೊರಗಿದ ಮಗು ಹೊತ್ತ ತಾಯಿ, ಅವಳ ಅತ್ತೆ, ಅವಳ ನಾದಿನಿ. ಓದು ಬಲ್ಲವಳು ನಾದಿನಿ. ಆದ್ದರಿಂದ ಕುರ್ಚಿ ಅವಳಿಗೆ. ವಸುಧಾ ಡಬ್ಬಿ ಸರಿಸುವುದನ್ನು ತೋರಿಸಿ ಮತ್ತೆ ಕಂಬದ ಹಿಂದೆ ಬಂದಳು. ನಾದಿನಿ ಜೋರಾಗಿ ಓದಿದಳು, ನೀರನ್ನು ಒತ್ತಿದಳು. ವಸುಧಾ ನನ್ನ ಕೈ ಹಿಡಿದಳು. ಚಮಚ ಬಂತು. ನಾದಿನಿ ಅರ್ಧ ಓದುವಷ್ಟರಲ್ಲಿ ಮುದುಕಿ ಕೆಳಗಿನ ಇನ್ನೊಂದು ಗೆರೆಯನ್ನು ತೋರಿಸಿ, ಅದೇನು ನೋಡು ಎಂದಳು. ಒತ್ತಿದರು. ತೊಟ್ಟಿ. ಅಲ್ಲಿಂದ ಸೊಳ್ಳೆ. ತಮ್ಮ ಬೀದಿಯ ಸೊಳ್ಳೆಯ ಬಗ್ಗೆ ಮುದುಕಿಗೆ ಬಹಳ ಹೇಳುವುದಿತ್ತು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು.

ಅಷ್ಟರಲ್ಲಿ ಮಗು ಅತ್ತಿತು. ತಾಯಿ ಮುಂದೆ ಬಾಗಿ, "ಸೊಳ್ಳೆ ಇರಲಿ, ಮೊದಲು ಇವನದ್ದು ನೋಡು" ಎಂದು ತಮಿಳಿನಲ್ಲಿ ಹೇಳಿ, ಗಾಜಿನ ಮೇಲೇ ಬೆರಳಿಟ್ಟಳು. ಆ ಕಾನ್‌ಸ್ಟೇಬಲ್ ಮಗುವಿನ ಮೇಲೆ. ನಾದಿನಿ ಬಾಣವನ್ನು ಅಲ್ಲಿಗೆ ತಂದು ಒತ್ತಿದಳು. ಮೊದಲ ಪುಟ ಬಂತು, ಮತ್ತೆ ನೀರು, ಮತ್ತೆ ಚಮಚ. ಈ ಸಲ ಪೂರ್ತಿ ಓದಿದಳು. ಓದಿ ಮುಗಿದದ್ದೇ ತಾಯಿ ಮಗುವನ್ನು ಭುಜಕ್ಕೇರಿಸಿ ಹೊರಟುಬಿಟ್ಟಳು. ಉಳಿದವರೂ ಅವಳ ಹಿಂದೆ ಹೋದರು. ಅಪಾಯದ ಚಿಹ್ನೆ, ತಾಯಿಹಾಲು, ಜ್ವರ, ವಸುಧಾ ತಿಂಗಳುಗಟ್ಟಲೆ ಕೂತು ಮಾಡಿದ ಅಷ್ಟೂ ಪುಟಗಳು ತೆರೆಯದೆ ಉಳಿದವು.

"ಅರ್ಧಕ್ಕೇ ಬಿಟ್ಟು ಹೋದ್ರು ಮಾಮಿ" ಎಂದಳು ವಸುಧಾ. ಅವಳ ಮುಖ ನೋಡಲಾಗಲಿಲ್ಲ.

ಡಾಕ್ಟರಮ್ಮ ಆ ತಾಯಿಯ ಹಿಂದೆ ಹೋದರು. ನಾವೂ ಹೋದೆವು. "ಮಿಷಿನ್ ಹೇಗಿತ್ತಮ್ಮಾ?" ಎಂದು ಕೇಳಿದರು.

"ಅದೆಲ್ಲಾಂ ತೆರಿಯಾದುಮ್ಮಾ" ಎಂದಳು ತಾಯಿ, ಅದೆಲ್ಲ ಗೊತ್ತಿಲ್ಲ ಎಂದು. "ಅದು ಎಲ್ಲೆಲ್ಲಿಗೋ ಎಳ್ಕೊಂಡು ಹೋಗುತ್ತೆ. ಕಾಯಿಸಿ ಆರಿಸಿದ ನೀರು ಒಂದು ಲೀಟರು. ಸಕ್ಕರೆ ಆರು ಟೀ ಚಮಚ, ತಲೆ ತಟ್ಟಿ. ಉಪ್ಪು ಅರ್ಧ. ಸ್ವಲ್ಪ ಸ್ವಲ್ಪವಾಗಿ ಕುಡಿಸ್ತಾ ಇರಬೇಕು."

"ಅರ್ಧ ಚಮಚ ಉಪ್ಪು ಎಲ್ಲಿ ಸಾಕು?" ಎಂದಳು ಮುದುಕಿ. "ಒಂದು ಹಿಡಿ ಹಾಕು."

"ಹೆಚ್ಚು ಹಾಕಿದ್ರೆ ಮಗೂಗೆ ಕೆಟ್ಟದ್ದು ಅಂತ ಆ ಪೆಟ್ಟಿಗೇಲೇ ಹಾಕಿದಾರೆ ಅತ್ತೆ. ಬೇಕಾದ್ರೆ ಹೋಗಿ ಅದನ್ನೇ ಕೇಳಿ."

ಮುದುಕಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು. ಅದರ ಜೊತೆ ವಾದ ಮಾಡುವುದು ಹೇಗೆ ಎಂದು ತಿಳಿಯದೆ ಸುಮ್ಮನಾದಳು. ಬೆಂಚಿನ ಮೇಲಿದ್ದ ಇನ್ನೊಬ್ಬಳು, "ಎಷ್ಟು ಸಕ್ಕರೆ ಅಂದೆ?" ಎಂದು ಕೇಳಿದಳು. ತಾಯಿ ಮತ್ತೆ ಮೊದಲಿನಿಂದ ಹೇಳತೊಡಗಿದಳು.

ಡಾಕ್ಟರಮ್ಮ ಕೇಳುತ್ತ ನಿಂತಿದ್ದರು. ಆಮೇಲೆ ನಮ್ಮ ಕಡೆ ಒಂದು ಮಾತೂ ಆಡದೆ, ವಾರ್ಡಿನ ಆಯಾಳನ್ನು ಕರೆದು ಏನೋ ಹೇಳಿ ತಮ್ಮ ಕೋಣೆಗೆ ಹೋಗಿಬಿಟ್ಟರು.

"ಅಂದ್ರೆ ಏನು ಮಾಮಿ? ಇಟ್ಕೊಂಡ್ರಾ, ಇಲ್ವಾ?"

ನನಗೇನು ಗೊತ್ತು? ತಾಯಿಗೆ ಮಿಷಿನ್ ಅರ್ಥವಾಗಿಲ್ಲ, ನೀರು ಅರ್ಥವಾಗಿದೆ. ಪುಸ್ತಕ ಮುಗಿದಿಲ್ಲ, ಕೆಲಸ ಮುಗಿದಿದೆ. ಇದನ್ನು ಪಾಸು ಎನ್ನುತ್ತಾರೋ ನಪಾಸು ಎನ್ನುತ್ತಾರೋ, ನಾನು ಕಲಿತ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಕಂಬದ ಹತ್ತಿರ ಪೆಚ್ಚಾಗಿ ನಿಂತಿದ್ದೆವು.

ಆಯಾ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಬಂದಳು. ಇಬ್ಬರೂ ಸೇರಿ ಒಂದು ಉದ್ದನೆಯ ಮರದ ಬೆಂಚನ್ನು ನೆಲಕ್ಕೆ ತಾಗಿಸದೆ ಎತ್ತಿ ತರುತ್ತಿದ್ದರು. ಮಿಷಿನ್ನಿನ ಎದುರಿದ್ದ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಆಯಾ ವಸುಧಾಳನ್ನು ಕೇಳಿದಳು: ಒಂದು ಕುರ್ಚಿ ಸಾಲದಂತೆ, ಡಾಕ್ಟರಮ್ಮ ಹೇಳಿದರು. ಇದನ್ನು ಎಷ್ಟು ಹತ್ತಿರ ಹಾಕಲಿ?

ವಸುಧಾ ಕಣ್ಣೊರೆಸಿಕೊಂಡು ಹೋಗಿ ಬೆಂಚಿನ ಒಂದು ತುದಿಗೆ ತಾನೂ ಕೈ ಕೊಟ್ಟಳು.